ಪಾರ್ಸೆಲ್‌ನಲ್ಲಿ ಬಂದ ಹೋಸ್ಟಾ ಮಲೆನಾಡಿನಲ್ಲಿ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮನೆಯ ಪೂರ್ವಕ್ಕೆ ಮರದ ನೆರಳಿನ ಒಂದು ಜಾಗ ಇದೆ, ಅಲ್ಲಿ ಹೂಗಿಡ ಯಾವುದೂ ಸರಿಯಾಗಿ ಬರುವುದಿಲ್ಲ. ಅದಕ್ಕೆಂದು ಜೂನ್ ಕೊನೆಯಲ್ಲಿ ಆನ್‌ಲೈನ್ ನರ್ಸರಿಯೊಂದರಿಂದ ನಾಲ್ಕು ಹೋಸ್ಟಾ ತರಿಸಿದೆ, ಎಲೆಯ ಅಂದಕ್ಕೆ ಬೆಳೆಸುವ ನೆರಳಿನ ಗಿಡ. ಫೋಟೋದಲ್ಲಿ ಎರಡು ನೀಲಿ ಎಲೆಯವು, ಎರಡು ಬಿಳಿ ಅಂಚಿನವು. ಪಾರ್ಸೆಲ್ ಬರಲು ಎಂಟು ದಿನ ಹಿಡಿಯಿತು. ಒದ್ದೆ ಪೇಪರ್ ಸುತ್ತಿದ ಬರೀ ಬೇರು ಬಂತು. ನೆಲಕ್ಕೆ ಹಾಕಿದೆ. ಬಿಳಿ ಅಂಚಿನ ಒಂದು, ನೀಲಿಯ ಒಂದು ಹದಿನೈದು ದಿನದಲ್ಲಿ ಬುಡದಲ್ಲೇ ಕೊಳೆತವು. ಉಳಿದ ‘ನೀಲಿ’ ಗಿಡ ಈಗ ಬರೀ ಹಸಿರು. ಕೇಳಿದರೆ ‘ಜೀವಂತ ಗಿಡಕ್ಕೆ ಗ್ಯಾರಂಟಿ ಇಲ್ಲ ಮೇಡಂ’ ಅಂತಾರೆ. ನಮ್ಮ ಮನೆಯವರು ಇದು ನಮ್ಮ ಕಡೆ ಬರೋ ಗಿಡವೇ ಅಲ್ಲ ಅಂತಾರೆ. ಬೀಜ ತರಿಸಿದರೆ ಅಗ್ಗ ಅಂತ ಪಕ್ಕದ ತೋಟದವರು ಹೇಳಿದರು. ಅಮೆರಿಕದಲ್ಲಿರುವ ನನ್ನ ತಂಗಿ ಡಿಸೆಂಬರ್‌ನಲ್ಲಿ ಬರುವಾಗ ಬ್ಯಾಗಿನಲ್ಲೇ ಒಳ್ಳೆಯ ಗೆಡ್ಡೆ ತರ್ತೀನಿ ಅಂತಿದ್ದಾಳೆ. ಏನು ಮಾಡಲಿ?

ಉತ್ತರ:

ನಿಮ್ಮನ್ನು ಕಾಡುತ್ತಿರುವುದು ಇಷ್ಟು: ತಪ್ಪು ನರ್ಸರಿಯವರದ್ದೋ, ನಿಮ್ಮ ಕೈಯದ್ದೋ, ನಮ್ಮ ಊರಿನದ್ದೋ? ನಿಮ್ಮ ಕೈಯ ತಪ್ಪು ನನಗೆ ದೊಡ್ಡದಾಗಿ ಕಾಣುತ್ತಿಲ್ಲ. ಎರಡು ಗಿಡ ಕೊಳೆತದ್ದಕ್ಕೆ ಕಳಿಸಿದ ಕಾಲ ಕಾರಣ. ಉಳಿದ ಎರಡರ ಗತಿ ಏನು ಅನ್ನೋದನ್ನು ನಮ್ಮ ಚಳಿಗಾಲ ತೀರ್ಮಾನ ಮಾಡುತ್ತದೆ. ಇದೇ ದೊಡ್ಡ ವಿಷಯ. ಹೋಸ್ಟಾ ಮಾರುವವರು ಇದೊಂದನ್ನು ಮಾತ್ರ ಹೇಳುವುದಿಲ್ಲ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೋಸ್ಟಾ ಜಪಾನ್, ಕೊರಿಯಾ, ಚೀನಾ ಕಡೆಯ ಕಾಡಿನ ಗಿಡ. ಅಲ್ಲಿ ಚಳಿ ಬಂದೊಡನೆ ಎಲೆಯೆಲ್ಲ ಹಳದಿಯಾಗಿ ಬಿದ್ದುಹೋಗುತ್ತದೆ. ನೆಲದೊಳಗಿನ ಗೆಡ್ಡೆ ಮಾತ್ರ ಮಲಗಿರುತ್ತದೆ. ಆ ನಿದ್ದೆ ಪೂರ್ತಿಯಾಗಲು ಸುಮಾರು ಆರು ವಾರ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಬೇಕು. ಅಷ್ಟು ಚಳಿ ಸಿಕ್ಕರೆ ಮುಂದಿನ ವಸಂತದಲ್ಲಿ ಗೆಡ್ಡೆಯ ಕಣ್ಣುಗಳೆಲ್ಲ ಒಟ್ಟಿಗೆ ಒಡೆದು ದಟ್ಟವಾಗಿ ಎಲೆ ಬರುತ್ತದೆ. ಸಿಗದಿದ್ದರೆ ಒಂದೋ ಎರಡೋ ಕಣ್ಣು ಮಾತ್ರ ಸೋಮಾರಿಯಾಗಿ ಒಡೆಯುತ್ತವೆ.

ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ? ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಸ್ವಲ್ಪ ಮೇಲಿದೆ. ಹಾಸನ, ಸಕಲೇಶಪುರ, ನಿಮ್ಮ ಮೂಡಿಗೆರೆ ಅದಕ್ಕಿಂತ ತುಸು ಕೆಳಗೆ. ಡಿಸೆಂಬರ್–ಜನವರಿ ರಾತ್ರಿಗಳಲ್ಲಿ ನಾವು ಕಂಬಳಿ ಹೊದೆಯುತ್ತೇವೆ ನಿಜ. ಆದರೆ ಆಗಲೂ ಸಾಮಾನ್ಯವಾಗಿ 12ರಿಂದ 15 ಡಿಗ್ರಿ ಇರುತ್ತದೆ, ಬೆಳಗ್ಗೆ ಹತ್ತು ಗಂಟೆಗೆಲ್ಲ ಬಿಸಿಲು ಚುರುಕಾಗಿರುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ಬರಬಹುದಾ ಅಂತ ಕೆಲವರು ಕೇಳುತ್ತಾರೆ. ಕೆಮ್ಮಣ್ಣುಗುಂಡಿ ಹಾಗಿರಲಿ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲೂ ಆರು ವಾರ ಹಗಲು ರಾತ್ರಿ 5 ಡಿಗ್ರಿ ನಿಲ್ಲುವುದಿಲ್ಲ.

ಹಗಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹೋಸ್ಟಾದ ತವರಿನಲ್ಲಿ ಬೇಸಿಗೆಯ ಹಗಲು 14 ಗಂಟೆ ದಾಟುತ್ತದೆ. ಆ ಉದ್ದ ಹಗಲಿನಲ್ಲಿ ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆ, ಹಗಲು ಕುಗ್ಗಿದಾಗ ಮಲಗಲು ತಯಾರಾಗುತ್ತದೆ. ನಮ್ಮಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಮೇಲೆ ಮುಂಗಾರಿನ ಮೋಡ ಬೇರೆ. ಹೀಗಾಗಿ ಗಿಡ ಪೂರ್ತಿ ಎಚ್ಚರವೂ ಇಲ್ಲ, ಪೂರ್ತಿ ನಿದ್ದೆಯೂ ಇಲ್ಲ ಅನ್ನೋ ಸ್ಥಿತಿಯಲ್ಲಿ ದಿನ ದೂಡುತ್ತದೆ.

ಹಾಗಾದರೆ ‘ನಮ್ಮ ಮನೇಲಿ ಹೋಸ್ಟಾ ಚೆನ್ನಾಗಿದೆ’ ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಎಷ್ಟು ವರ್ಷದಿಂದ ಇದೆ ಅಂತ ಕೇಳಿ ನೋಡಿ. ಚಳಿ ಪ್ರದೇಶದಿಂದ ಬಂದ ಗೆಡ್ಡೆ ಅಲ್ಲಿಯ ಚಳಿಯನ್ನು ಮೈಯಲ್ಲಿ ಇಟ್ಟುಕೊಂಡೇ ಬಂದಿರುತ್ತದೆ. ಮೊದಲ ವರ್ಷ ಆ ಸಾಲದಲ್ಲಿ ಚೆನ್ನಾಗಿ ಎಲೆ ಬಿಡುತ್ತದೆ. ಎರಡನೇ ವರ್ಷ ಎಲೆ ಚಿಕ್ಕದಾಗುತ್ತದೆ, ಕಡಿಮೆಯಾಗುತ್ತದೆ. ಮೂರನೆಯ ವರ್ಷ ಎರಡು ಎಲೆ ಉಳಿದರೆ ಹೆಚ್ಚು. ಆಗ ಜನ ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಗೆಡ್ಡೆ ಕೊಳೆಯಲು ಅದೊಂದು ದಾರಿ, ಅಷ್ಟೇ. ‘ನೆರಳಿದ್ದರೆ ಸಾಕು, ಹೋಸ್ಟಾ ಬರುತ್ತೆ’ ಅನ್ನುವ ಮಾತು ಚಳಿ ದೇಶಗಳಲ್ಲಿ ಸರಿ, ಏಕೆಂದರೆ ಅಲ್ಲಿ ಚಳಿಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಿಮ್ಮ ಯಜಮಾನರ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ದಾರಿ ಇದೆ, ಕೊನೆಯಲ್ಲಿ ಬರುತ್ತೇನೆ.

ಈಗ ಕೊಳೆತ ಎರಡು ಗಿಡಗಳ ವಿಷಯ. ಹೋಸ್ಟಾವನ್ನು ಬರೀ ಬೇರಿನಲ್ಲಿ ಕಳಿಸುವುದು ತಪ್ಪಲ್ಲ. ಪ್ರಪಂಚದಲ್ಲೆಲ್ಲ ಹಾಗೆಯೇ ಕಳಿಸುತ್ತಾರೆ. ಮಣ್ಣಿನ ತೂಕ ಇರುವುದಿಲ್ಲ, ಮಣ್ಣಿನ ರೋಗವೂ ಜತೆಗೆ ಬರುವುದಿಲ್ಲ. ಆದರೆ ಅದು ಮಲಗಿರುವ ಗೆಡ್ಡೆಗೆ ಹೇಳಿದ ಕ್ರಮ. ಎಲೆ ಬಿಟ್ಟು ಎಚ್ಚರವಾಗಿರುವ ಗಿಡವನ್ನು ಜೂನ್‌ನಲ್ಲಿ ಕಿತ್ತು, ಒದ್ದೆ ಪೇಪರ್ ಸುತ್ತಿ, ಪ್ಲಾಸ್ಟಿಕ್ ಹಾಕಿ, ಎಂಟು ದಿನ ಕತ್ತಲೆಯ ಡಬ್ಬದಲ್ಲಿ ಇಟ್ಟರೆ ಅದು ಉಸಿರುಕಟ್ಟಿ ಬೆಂದಂತಾಗುತ್ತದೆ. ಎಲೆಯ ದಂಟು ಗೆಡ್ಡೆಗೆ ಸೇರುವ ಜಾಗ ಮೊದಲು ಮೆತ್ತಗಾಗುತ್ತದೆ. ಅಂಥ ಗಿಡ ನಮ್ಮ ಆಷಾಢದ ಮಳೆಯಲ್ಲಿ ನೇರ ನೆಲಕ್ಕೆ ಹೋದರೆ ಉಳಿಯುವುದು ಕಷ್ಟ. ಆ ತಿಂಗಳಲ್ಲಿ ಆರ್ಡರ್ ತೆಗೆದುಕೊಂಡದ್ದೇ ನರ್ಸರಿಯವರ ತಪ್ಪು ಅಂತ ನಾನು ಹೇಳುತ್ತೇನೆ.

ಕೊಳೆತ ಗಿಡದ ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನ ಹಾಗೆ ಕಂದು ಗುಂಡುಗಳು ಇದ್ದವಾ ಅಂತ ನೆನಪು ಮಾಡಿಕೊಳ್ಳಿ. ಇದ್ದಿದ್ದರೆ ಅದು ಸ್ಕ್ಲೆರೋಷಿಯಂ ಅನ್ನುವ ಶಿಲೀಂಧ್ರ. ನಮ್ಮ ಮಣ್ಣಿಗೆ ಹೊಸದಲ್ಲ. ವೀಳ್ಯದೆಲೆ ಬಳ್ಳಿಯ ಬುಡ ಕೊಳೆಸುವುದೂ ಅದೇ, ಶೇಂಗಾ ಬುಡ ಕೊಳೆಸುವುದೂ ಅದೇ. ಆ ಕಂದು ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅಡಿಕೆಗೆ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಇದೆ, ಹುಯ್ಯಲಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ, ಈ ರೋಗಕ್ಕೆ ಅದು ಮದ್ದಲ್ಲ. ಆ ಜಾಗದ ಮಣ್ಣನ್ನು ಒಂದು ಗೇಣು ತೆಗೆದು, ಬೇರೆ ಗಿಡಗಳಿಂದ ದೂರ ಬಿಸಾಡಿ. ಉಳಿದ ಗಿಡಗಳ ಬುಡದ ತರಗೆಲೆ ಸರಿಸಿ, ಗಾಳಿ ಆಡುವಂತೆ ಮಾಡಿ. ಹಳೆಯ ಸಗಣಿ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಮೆಣಸಿನ ಬಳ್ಳಿಗೆ ಹಾಕಲು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಒಂದು ಹಿಡಿ ಹಾಕಿ.

ನೀಲಿ ಎಲೆ ಹಸಿರಾದದ್ದಕ್ಕೆ ಮಾತ್ರ ನರ್ಸರಿಯವರನ್ನು ತಕ್ಷಣ ಬೈಯಬೇಡಿ. ಹೋಸ್ಟಾದ ನೀಲಿ ಎಲೆಯೊಳಗಿನ ಬಣ್ಣವಲ್ಲ. ಎಲೆಯ ಮೇಲಿನ ತೆಳ್ಳನೆಯ ಮೇಣದ ಪದರ ಬೆಳಕಿಗೆ ಹಾಗೆ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ಕೆಳಗೆ ಹಸಿರೇ ಇದೆ. ಬಿಸಿಲಿಗೆ, ಜೋರು ಮಳೆಗೆ ಆ ಮೇಣ ಹೋಗುತ್ತದೆ. ಚಳಿ ದೇಶದಲ್ಲೂ ಬೇಸಿಗೆ ಕಳೆಯುವಷ್ಟರಲ್ಲಿ ನೀಲಿ ಹೋಸ್ಟಾ ಹಸಿರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮೂಡಿಗೆರೆಯ ಮಳೆಯಲ್ಲಿ ಅದು ಎಷ್ಟು ದಿನ ಉಳಿದೀತು? ನೀಲಿಗಾಗಿಯೇ ಹೆಚ್ಚು ದುಡ್ಡು ಕೊಡುವುದು ನಮ್ಮ ಕಡೆ ಸುಮ್ನೆ ದಂಡ. ಎಲೆಯ ಗಾತ್ರದಲ್ಲೂ ಮೋಸ ಹೋದೆ ಅನಿಸುತ್ತದೆ. ಈಗ ಮಾರಾಟವಾಗುವ ಹೋಸ್ಟಾ ಬಹಳಷ್ಟು ಟಿಶ್ಯೂ ಕಲ್ಚರ್‌ನಲ್ಲಿ ಮಾಡಿದ್ದು, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ ಬೆಳೆಸಿದ ಎಳೆಯ ಗಿಡ. ಫೋಟೋದಲ್ಲಿ ಇರುವಂಥ ಗಿಡವಾಗಲು ಒಳ್ಳೆಯ ಹವೆಯಲ್ಲೂ ನಾಲ್ಕೈದು ವರ್ಷ ಬೇಕು. ಬಿಳಿ ಅಂಚಿನ ಗಿಡದಲ್ಲಿ ಪೂರ್ತಿ ಹಸಿರು ಎಲೆಯ ಒಂದು ಚಿಗುರು ಬಂದರೆ ಅದನ್ನು ಬುಡದಿಂದ ಬೇರೆ ಮಾಡಿ ತೆಗೆಯಿರಿ. ಹಸಿರು ಚಿಗುರಿಗೆ ಶಕ್ತಿ ಜಾಸ್ತಿ, ಬಿಟ್ಟರೆ ಅದೇ ಇಡೀ ಗಿಡವನ್ನು ಆಳುತ್ತದೆ.

‘ಜೀವಂತ ಗಿಡಕ್ಕೆ ಗ್ಯಾರಂಟಿ ಇಲ್ಲ’ ಅನ್ನುವ ಮಾತನ್ನು ಮಾತ್ರ ನೀವು ಒಪ್ಪಬೇಕಾಗಿಲ್ಲ. 2020ರ ಗ್ರಾಹಕ ರಕ್ಷಣೆಯ ಇ–ಕಾಮರ್ಸ್ ನಿಯಮಗಳ ಪ್ರಕಾರ, ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅಂತ ಆನ್‌ಲೈನ್ ಮಾರಾಟಗಾರ ಹೇಳುವಂತಿಲ್ಲ. ಕೊಳೆತು ಬಂದ ಗಿಡ ದೋಷದ ವಸ್ತುವೇ. ಆದರೆ ಬಂದಾಗಲೇ ಕೊಳೆತಿತ್ತು ಅಂತ ತೋರಿಸುವ ಭಾರ ನಿಮ್ಮ ಮೇಲಿರುತ್ತದೆ. ಹದಿನೈದು ದಿನ ನೆಲದಲ್ಲಿದ್ದ ಗಿಡಕ್ಕೆ ಇದು ಕಷ್ಟ. ಮುಂದೆ ಡಬ್ಬ ಬಿಚ್ಚುವಾಗಲೇ ಒಂದು ವಿಡಿಯೋ ಮಾಡಿ. ಬುಡ ಒತ್ತಿ ನೋಡುವುದು, ಬೇರಿನ ಬಣ್ಣ, ಡಬ್ಬದ ಮೇಲಿನ ರವಾನೆ ದಿನಾಂಕ, ಮೂರೂ ಅದರಲ್ಲಿ ಕಾಣಬೇಕು. ಅವತ್ತೇ ಕಳಿಸಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಬೀಜದ ವಿಷಯ ಬೇಗ ಮುಗಿಸುತ್ತೇನೆ: ತರಿಸಬೇಡಿ. ಹೋಸ್ಟಾದ ಹೆಸರಿನ ತಳಿಗಳು ಬೀಜದಿಂದ ಹಾಗೆಯೇ ಬರುವುದಿಲ್ಲ. ಬಿಳಿ ಅಂಚಿನ ಗಿಡದ ಬೀಜ ಹಾಕಿದರೂ ಬಹುತೇಕ ಹಸಿರು ಸಸಿಯೇ ಬರುತ್ತದೆ. ಕಾಮನಬಿಲ್ಲಿನ ಬಣ್ಣದ ಹೋಸ್ಟಾ ಬೀಜ ಅಂತ ನೂರು ರೂಪಾಯಿಗೆ ಮಾರುವ ಪೊಟ್ಟಣಗಳು ಪೂರ್ತಿ ಸುಳ್ಳು. ಅಂಥ ಬಣ್ಣದ ಹೋಸ್ಟಾ ಪ್ರಪಂಚದಲ್ಲೇ ಇಲ್ಲ.

ನಿಮ್ಮ ತಂಗಿಯವರು ಪ್ರೀತಿಯಿಂದಲೇ ಬ್ಯಾಗಿನಲ್ಲಿ ತರ್ತೀನಿ ಅಂದಿದ್ದಾರೆ. ಆದರೂ ದಯವಿಟ್ಟು ಬೇಡ ಅನ್ನಿ. 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ನೆಡುವ ಗಿಡ, ಗೆಡ್ಡೆ, ಬೀಜ ತರಲು ಮೊದಲೇ ಆಮದು ಪರವಾನಗಿ ಬೇಕು. ಜತೆಗೆ ಆ ದೇಶದ ಅಧಿಕಾರಿಗಳು ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಣ್ಣಂತೂ ಬರುವಂತಿಲ್ಲ. ಕೈಚೀಲದಲ್ಲಿ ಬಂದರೂ ಇದೇ ನಿಯಮ. ಇದು ಬರೀ ಕಾಗದದ ಕಿರಿಕಿರಿ ಅಂತ ನನಗೆ ಅನಿಸುವುದಿಲ್ಲ, ಏಕೆ ಅಂತ ಹೇಳುತ್ತೇನೆ.

ಹೋಸ್ಟಾಕ್ಕೇ ಅಂಟುವ ಒಂದು ವೈರಸ್ ಇದೆ, ಹೋಸ್ಟಾ ವೈರಸ್ ಎಕ್ಸ್. 1996ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಅದನ್ನು ಗುರುತಿಸಿದರು. ಎಲೆಯ ನರದ ಗುಂಟ ಶಾಯಿ ಹರಡಿದಂತೆ ಕಲೆ ಬರುತ್ತದೆ. ಕೆಲವೊಮ್ಮೆ ಆ ಕಲೆ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ರೋಗದ ಗಿಡಗಳನ್ನೇ ಹೊಸ ತಳಿ ಅಂತ ಹೆಸರಿಟ್ಟು ಮಾರಿದ್ದೂ ಉಂಟು. ಅಂಟಿದ ಗಿಡ ವರ್ಷಗಟ್ಟಲೆ ಏನೂ ತೋರಿಸದೆ ಇರಬಹುದು. ಔಷಧಿ ಇಲ್ಲ. ಕತ್ತರಿಸಿದ ಚಾಕುವಿನ ರಸದಿಂದ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಎಲೆಯೊಳಗೆ ಇರುವ ಜಂತುಹುಳುಗಳೂ ಹಾಗೆಯೇ ಕಣ್ಣಿಗೆ ಕಾಣದೆ ಬರುತ್ತವೆ. ನರಗಳ ನಡುವೆ ಕಂದು ಪಟ್ಟಿ ಬಂದಾಗಲೇ ಗೊತ್ತಾಗುವುದು, ಮತ್ತು ಅವು ಹೋಸ್ಟಾಕ್ಕೆ ಮಾತ್ರ ಸೀಮಿತವಲ್ಲ. ಜರಿಗಿಡ, ಬಿಗೋನಿಯಾಗಳನ್ನೂ ಹಿಡಿಯುತ್ತವೆ.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಕಾಯಿ ಕೊರೆಯುವ ಕೀಟ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡಿತು. ಇವತ್ತು ಅದರ ಹಿಂದೆ ನೀವು ಎಷ್ಟು ದುಡಿಯುತ್ತೀರಿ ಅನ್ನೋದು ನಿಮಗೇ ಗೊತ್ತು. ಆಫ್ರಿಕಾದ ದೊಡ್ಡ ಬಸವನಹುಳು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ಬಂತು. ಒಬ್ಬರು ತಂದು ತೋಟದಲ್ಲಿ ಬಿಟ್ಟದ್ದು. ಈಗ ಕೊಡಗು, ಹಾಸನದ ಕಡೆಯ ತೋಟಗಳಲ್ಲಿ ಅದರ ಕಾಟ ಇದೆ. ಹೋಸ್ಟಾ ಎಲೆಯೆಂದರೆ ಅದಕ್ಕೆ ಹಬ್ಬ. ನಿಮ್ಮ ತೋಟದಲ್ಲಿ ಅದು ಕಂಡರೆ ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕಿ, ಕೈಗೆ ಗ್ಲೌಸ್ ಇರಲಿ. ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಸಿಗುತ್ತದೆ, ಆದರೆ ಮನೆಯ ನಾಯಿ ತಿಂದರೆ ಸಾಯುತ್ತದೆ. ಅಂಗಳದಲ್ಲಿ ಅದನ್ನು ನಾನು ಹೇಳುವುದಿಲ್ಲ. ಹೋಸ್ಟಾ ಎಲೆಯೂ ನಾಯಿ, ಬೆಕ್ಕಿಗೆ ಒಳ್ಳೆಯದಲ್ಲ, ತಿಂದರೆ ವಾಂತಿಯಾಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೂ ಹೋಸ್ಟಾ ಬೇಕು ಅಂತ ಮನಸ್ಸಿದ್ದರೆ, ಬೇಕು ಅನ್ನಿ. ತಪ್ಪೇನಿಲ್ಲ. ಆದರೆ ಹೀಗೆ ತರಿಸಿ.

ಆರ್ಡರ್ ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಆಗಬೇಕು, ಗೆಡ್ಡೆ ಮಲಗಿರುವ ಕಾಲದಲ್ಲಿ. ನರ್ಸರಿಯವರಿಗೆ ಫೋನ್ ಮಾಡಿ ಮೂರು ಮಾತು ಕೇಳಿ: ಗೆಡ್ಡೆ ಈಗ ಎಲ್ಲಿದೆ, ಎಷ್ಟು ವಾರ ಚಳಿಯಲ್ಲಿತ್ತು, ಎಷ್ಟು ಕಣ್ಣಿದೆ? ‘ಬೆಟ್ಟದ ನರ್ಸರಿ’ ಅಂದರೆ ಸಾಕಾಗುವುದಿಲ್ಲ. ಕಾಲಿಂಪಾಂಗ್ ಗಿಡಗಳಿಗೆ ಹೆಸರಾದ ಊರು. ಆದರೆ ಅದು ಸುಮಾರು 1,250 ಮೀಟರ್ ಎತ್ತರದ್ದು, ಅಲ್ಲಿಯೂ ಕಾಶ್ಮೀರದಂಥ ಚಳಿ ಇಲ್ಲ. ಹಿಮಾಚಲ, ಕಾಶ್ಮೀರದ ಎತ್ತರದ ಜಾಗದ್ದಾದರೆ ಅಥವಾ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಗೆಡ್ಡೆಯಾದರೆ ಒಳ್ಳೆಯದು. ಎರಡು ಮೂರು ಕಣ್ಣಿನ ಗಟ್ಟಿ ಗೆಡ್ಡೆ ಕೇಳಿ. ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದವರು ಗಿಡ ಬೆಳೆಸುವವರಲ್ಲ, ಬೇರೆಯವರಿಂದ ಕೊಂಡು ಕಳಿಸುವವರು. ಅವರ ಹತ್ತಿರ ಹೋಸ್ಟಾ ಬೇಡ.

ಜಾತಿ ಆರಿಸುವಾಗ ಹೋಸ್ಟಾ ಪ್ಲಾಂಟಜಿನಿಯಾ ಅಥವಾ ಅದರ ಮಕ್ಕಳನ್ನು ಆರಿಸಿ. ಇದು ಚೀನಾದ ಬೆಚ್ಚಗಿನ ಭಾಗದ್ದು, ಸೆಕೆ ತಡೆಯುತ್ತದೆ, ಬೇರೆ ಹೋಸ್ಟಾಗಳಷ್ಟು ಚಳಿ ಬೇಡುವುದಿಲ್ಲ. ಬಿಳಿ ಹೂ ಸಂಜೆಗೆ ಅರಳಿ ಘಮ್ಮನ್ನುತ್ತದೆ. ರಾಯಲ್ ಸ್ಟ್ಯಾಂಡರ್ಡ್, ಫ್ರೇಗ್ರಂಟ್ ಬೊಕೆ, ಗ್ವಾಕಮೋಲಿ, ಸೋ ಸ್ವೀಟ್ ಅನ್ನುವ ತಳಿಗಳಲ್ಲಿ ಇದರ ರಕ್ತ ಇದೆ. ನಮ್ಮ ಕಡೆ ಪ್ರಯತ್ನ ಮಾಡುವುದಾದರೆ ಇವೇ. ಒಂದೇ ಒಂದು ಗಿಡದಿಂದ ಶುರು ಮಾಡಿ.

ಡೆಲಿವರಿ ವಿಳಾಸಕ್ಕೆ ತೋಟದ ಮನೆ ಬೇಡ. ಮೂಡಿಗೆರೆ ಪೇಟೆಯಲ್ಲಿ ಗುರುತಿನವರ ಅಂಗಡಿ ಕೊಡಿ. ಭಾನುವಾರ ಗೋಡೌನ್‌ನಲ್ಲಿ ಕೂರದಂತೆ ಸೋಮವಾರ ಕಳಿಸಲು ಹೇಳಿ. ಬಂದ ದಿನವೇ ಬಿಚ್ಚಿ. ಗಟ್ಟಿ, ಬೆಳ್ಳಗಿನ ಬೇರು ಸರಿ. ಮೆತ್ತಗೆ, ಕಪ್ಪಾಗಿ, ವಾಸನೆ ಬರುವ ಭಾಗವನ್ನು ತೊಳೆದ ಚಾಕುವಿನಿಂದ ಕತ್ತರಿಸಿ, ಮತ್ತೆ ಆ ಚಾಕುವನ್ನು ಸೋಪಿನಲ್ಲಿ ತೊಳೆಯಿರಿ. ಒಣಗಿದ್ದರೆ ಒಂದು ಗಂಟೆ ನೀರಿನಲ್ಲಿ ಇಡಿ. ನೆಲಕ್ಕೆ ಬೇಡ, ಮಣ್ಣಿನ ಕುಂಡಕ್ಕೆ ಹಾಕಿ. ದಪ್ಪ ಮರಳು, ಚೆನ್ನಾಗಿ ಕಳಿತ ತರಗೆಲೆ, ಸ್ವಲ್ಪ ಹಳೆಯ ಸಗಣಿ ಗೊಬ್ಬರ ಸಾಕು. ಕಾಫಿ ಸಿಪ್ಪೆ ಹಸಿಯಾಗಿ ಹಾಕಬೇಡಿ, ಕೊಳೆಯುವಾಗ ಬಿಸಿಯಾಗುತ್ತದೆ. ಕಣ್ಣು ಮಣ್ಣಿನ ಮಟ್ಟಕ್ಕೇ ಇರಲಿ, ಆಳಕ್ಕೆ ಹೂಳಬೇಡಿ. ಆ ಕುಂಡವನ್ನು ಒಂದೆರಡು ತಿಂಗಳು ಬೇರೆ ಗಿಡಗಳಿಂದ ದೂರ ಇಟ್ಟು ಎಲೆ ನೋಡುತ್ತಿರಿ. ಮಳೆಗಾಲದಲ್ಲಿ ಜಗಲಿಗೆ ತನ್ನಿ, ಸೂರಿನ ನೀರು ಬೀಳುವ ಜಾಗದಲ್ಲಿ ಇಡಬೇಡಿ.

ಚಳಿಗೆ ಏನು ಮಾಡುವುದು? ಮನೆಯ ಫ್ರಿಜ್. ಬೆಚ್ಚಗಿನ ಪ್ರದೇಶಗಳಲ್ಲಿ ಹೋಸ್ಟಾ ಬೆಳೆಸುವವರು ಕೆಲವರು ಇದನ್ನೇ ಮಾಡುತ್ತಾರೆ. ನವೆಂಬರ್‌ನಲ್ಲಿ ನೀರು ಕಡಿಮೆ ಮಾಡಿ. ಡಿಸೆಂಬರ್ ಮಧ್ಯದಲ್ಲಿ ಉಳಿದ ಎಲೆ ಕತ್ತರಿಸಿ, ಗೆಡ್ಡೆ ತೆಗೆದು ಮಣ್ಣು ತೊಳೆದು, ಒಂದು ದಿನ ನೆರಳಿನಲ್ಲಿ ಆರಲು ಬಿಡಿ. ಹಿಂಡಿದರೆ ನೀರು ಬರದಷ್ಟು ತೇವದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಮಾಡಿದ ಕವರಿಗೆ ಹಾಕಿ, ತರಕಾರಿ ಇಡುವ ಕೆಳಗಿನ ಡಬ್ಬದಲ್ಲಿ ಆರರಿಂದ ಎಂಟು ವಾರ ಇಡಿ. ಫ್ರೀಜರ್‌ಗೆ ಹಾಕಿದರೆ ಸತ್ತೇ ಹೋಗುತ್ತದೆ. ಸೇಬು, ಬಾಳೆಹಣ್ಣು ಅದೇ ಡಬ್ಬದಲ್ಲಿ ಬೇಡ, ಹಣ್ಣಾಗುವಾಗ ಬಿಡುವ ಅನಿಲ ಮೊಗ್ಗಿಗೆ ಕೆಟ್ಟದ್ದು. ವಾರಕ್ಕೊಮ್ಮೆ ತೆಗೆದು ಬೂಷ್ಟು ಬಂದಿದೆಯಾ ನೋಡಿ. ಫೆಬ್ರವರಿಯಲ್ಲಿ ಮತ್ತೆ ಕುಂಡಕ್ಕೆ ಹಾಕಿದರೆ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ ಚಿಗುರುತ್ತದೆ. ಇದನ್ನು ಪ್ರತಿ ವರ್ಷ ಮಾಡಬೇಕು, ಕರೆಂಟ್ ದಿನಗಟ್ಟಲೆ ಹೋದರೆ ಗೆಡ್ಡೆ ಕೆಡುವ ಅಪಾಯ ಇದೆ. ಒಂದೆರಡು ಕುಂಡಕ್ಕೆ ಆಗುವ ಕೆಲಸ, ತೋಟದ ಸಾಲಿಗಲ್ಲ. ಇದೂ ಬೇಡವಾದರೆ ಒಂದು ವರ್ಷದ ಗಿಡ ಅಂತ ಮನಸ್ಸಿಗೆ ಹೇಳಿಕೊಂಡೇ ಕೊಳ್ಳಿ.

ಆದರೆ ನೀವು ಕೇಳಿದ್ದು ಆ ನೆರಳಿನ ಜಾಗ ತುಂಬಲು. ಅದಕ್ಕೆ ನಾನು ಹೋಸ್ಟಾವನ್ನು ಹೇಳುವುದಿಲ್ಲ. ನಮ್ಮ ನೆಲಸಂಪಿಗೆ ನೋಡಿದ್ದೀರಲ್ವಾ? ಅದರ ಬಂಧು ಕೆಂಫೇರಿಯಾ ಪುಲ್ಕ್ರ ಅನ್ನುವ ಗಿಡ ಇದೆ. ನೆಲಕ್ಕೆ ಒರಗಿದ ಅಗಲ ಎಲೆ, ನವಿಲುಗರಿಯಂಥ ಪಟ್ಟೆ, ಚಿಕ್ಕ ನೇರಳೆ ಹೂ. ಅಮೆರಿಕದ ದಕ್ಷಿಣದ ಸೆಕೆಯ ರಾಜ್ಯಗಳಲ್ಲಿ ಹೋಸ್ಟಾ ಬಾರದ ಕಡೆ ಜನ ಇದನ್ನೇ ಹಾಕುತ್ತಾರೆ. ಇದು ಮಲಗುವುದು ಚಳಿಗಲ್ಲ, ಒಣಹವೆಗೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಹೋಗಿ, ಮಳೆ ಬಿದ್ದೊಡನೆ ಎದ್ದು ಬರುತ್ತದೆ. ಮಲೆನಾಡಿನ ವರ್ಷಕ್ಕೆ ಇದಕ್ಕಿಂತ ಹೊಂದುವ ಗಿಡ ಬೇರೆ ಬೇಕಾ? ಹಿಂದಿನ ಸಾಲಿಗೆ ಬಣ್ಣದ ಎಲೆಯ ಕ್ಯಾಲಾಡಿಯಂ, ಅಂಚಿಗೆ ರೆಕ್ಸ್ ಬಿಗೋನಿಯಾ, ನಿಮ್ಮ ಹಳ್ಳದ ಬದಿಯಲ್ಲೇ ಸಿಗುವ ಜರಿಗಿಡ ಹಾಕಿದರೆ ಜಾಗ ತುಂಬುತ್ತದೆ. ಇವನ್ನು ಎಂಟು ದಿನದ ಪಾರ್ಸೆಲ್‌ನಲ್ಲಿ ತರಿಸಬೇಕಾಗಿಲ್ಲ, ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ರಾತ್ರಿ ಹಾಕಿದರೆ ಬೆಳಗ್ಗೆ ಕೈಗೆ ಸಿಗುತ್ತದೆ.

ಉಳಿದ ಎರಡು ಹೋಸ್ಟಾಗಳನ್ನು ಈಗಲೇ ಹುಷಾರಾಗಿ ನೆಲದಿಂದ ಎತ್ತಿ ಕುಂಡಕ್ಕೆ ಹಾಕಿ, ಜಗಲಿಯ ಮೇಲೆ ಬೆಳಗಿನ ಬೆಳಕು ಬೀಳುವ ಕಡೆ ಇಡಿ. ಗೊಬ್ಬರ ಬೇಡ. ಎರಡನ್ನೂ ಒಂದೇ ಚಾಕುವಿನಿಂದ ಮುಟ್ಟಬೇಡಿ. ನರದ ಗುಂಟ ಶಾಯಿಯಂಥ ಕಲೆ ಕಂಡರೆ ಆ ಗಿಡವನ್ನು ಬೇರುಸಹಿತ ಸುಟ್ಟುಬಿಡಿ. ಕಾಣದಿದ್ದರೆ ಡಿಸೆಂಬರ್‌ನಲ್ಲಿ ಫ್ರಿಜ್‌ಗೆ ಹೋಗಲಿ.